ಬಾಕಿ ಪಟ್ಟಿ

ಹೊಸನಗರದ ಬಿಇಒ ಕಚೇರಿ, ಕಿಟಕಿಯಿಂದ ಎರಡನೇ ಮೇಜು ನನ್ನದು.
ಇಪ್ಪತ್ತನೇ ತಾರೀಕು ದಾಟಿತೆಂದರೆ ಸಂಬಳದ ಬಿಲ್ಲು:
ಮೂಲವೇತನ, ತುಟ್ಟಿಭತ್ಯೆ, ಮನೆಬಾಡಿಗೆ,
ಆಚೆ ಬದಿಗೆ ಕಡಿತ.
ಹನ್ನೊಂದು ವರ್ಷದಿಂದ ಮೇಷ್ಟ್ರುಗಳನ್ನು ನಾನು
ಮುಖದಿಂದಲ್ಲ, ನಿವ್ವಳದಿಂದ ಗುರುತು ಹಿಡಿಯುತ್ತೇನೆ.

ಮುಂಡಿಗೆಸರದ ಶಾಲೆಯಿಂದ ಶಿವಮೊಗ್ಗಕ್ಕೆ ವರ್ಗವಾದರು
ಫಿಲೋಮಿನಾ ಟೀಚರು.
ಕೊನೇ ವೇತನ ಪತ್ರ ಬರೆದುಕೊಟ್ಟವನು ನಾನೇ.
ಅದೇ ಎರಡನೇ ಕ್ಲಾಸು, ಅದೇ ಕಾಗುಣಿತ,
ಭತ್ಯೆ ಮಾತ್ರ ಒಂದು ಮೆಟ್ಟಿಲು ಮೇಲೆ.
ಪೇಟೆ ದೊಡ್ಡದು, ಬಾಡಿಗೆ ದೊಡ್ಡದು, ಸರಿಯೇ.
ಮುಂಡಿಗೆಸರದಲ್ಲಿ ಬಾಡಿಗೆಗೆ ಮನೆಯೇ ಇಲ್ಲ,
ಆದ್ದರಿಂದ ಅಲ್ಲಿ ಬಾಡಿಗೆ ಕಡಿಮೆ ಎಂದು ಆದೇಶ.
ಹರಪನಹಳ್ಳಿ ಕಡೆಯ ಕೊಟ್ರೇಶಿ ಮೇಷ್ಟ್ರು
ಇಲ್ಲಿಂದ ಹತ್ತೊಂಬತ್ತು ಕಿಲೋಮೀಟರು ಬೈಕು ಹೊಡೆಯುತ್ತಾರೆ.
ಆ ಪೆಟ್ರೋಲಿಗೆ ನನ್ನಲ್ಲಿ ಕಾಲಂ ಇಲ್ಲ.

ಅದೇ ಶಾಲೆಯ ಹೆಡ್‌ಮಾಸ್ಟರು ಸೇರಿದ್ದು ಎರಡು ಸಾವಿರದ ನಾಲ್ಕರಲ್ಲಿ,
ಅವರಿಗೆ ಪಿಂಚಣಿ.
ಕೊಟ್ರೇಶಿ ಎಂಟರಲ್ಲಿ,
ಅವರಿಗೆ ಶೇರುಪೇಟೆ.

ಕುಸುಮಾಕ್ಷಿ ಮೇಡಮ್ಮಿನ ಹೆಸರು ನನ್ನ ಕಂಪ್ಯೂಟರಿನಲ್ಲಿಲ್ಲ.
ಅತಿಥಿ ಶಿಕ್ಷಕಿ.
ಜೂನಿನಲ್ಲಿ ಬಂದು ಮಾರ್ಚಿಗೆ ಹೋಗುವ ಅತಿಥಿ,
ಬುತ್ತಿ ತಾವೇ ತರುತ್ತಾರೆ, ಶಾಲೆಯ ಬೀಗದ ಕೈ ಅವರ ಚೀಲದಲ್ಲೇ.
ಅತಿಥಿಗೆ ಸಂಬಳ ಅನ್ನಬಾರದಂತೆ, ಗೌರವಧನ.
ಐದಕ್ಷರದಲ್ಲಿ ಮೂರು ಗೌರವಕ್ಕೇ ಹೋಗಿ
ಧನಕ್ಕೆ ಉಳಿಯುವುದು ಎರಡು.

ಮೊನ್ನೆ ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದರು.
'ಸಾರ್, ಜೂನಿನದ್ದು?'
'ಅನುದಾನ ಬಂದಿಲ್ಲ ಮೇಡಂ.'
'ಜುಲೈ, ಆಗಸ್ಟು?'
ಜೂನೇ ಬಾರದೆ ಆಗಸ್ಟು ಹೇಗೆ ಬರುತ್ತದೆ,
ಅದನ್ನು ಹೇಳಲಿಲ್ಲ. ಕುರ್ಚಿ ಎಳೆದುಕೊಟ್ಟೆ.
ಕೂರಲಿಲ್ಲ.
ಮೇಜಿನ ಮೇಲೆ ಕೊಟ್ರೇಶಿಯವರ ತುಟ್ಟಿಭತ್ಯೆ ಬಾಕಿಯ ಪಟ್ಟಿ,
ಕೈಬರಹದ್ದು, ನನ್ನ ಕಡೆಗೆ ಮುಖ.
ನಿಂತಲ್ಲೇ ಅವರು ಬೆರಳಿಟ್ಟರು:
'ಇಲ್ಲಿ ನಾಲ್ಕು ತಿಂಗಳದ್ದು ಬಾಕಿ.
ನೀವು ಗುಣಿಸಿದ್ದು ಮೂರರಿಂದ.'

ನೋಡಿದೆ. ಹೌದು.
ಸಾವಿರದ ಮುನ್ನೂರ ಚಿಲ್ಲರೆ, ನನ್ನ ಕೈಯಿಂದಲೇ ಕಮ್ಮಿ.
'ತಲೆಕೆಳಗಾಗಿ ಹೇಗೆ ಓದಿದಿರಿ?'
'ಮಕ್ಕಳ ಸ್ಲೇಟು ನಾವು ಹಾಗೇ ಅಲ್ವಾ ಸಾರ್ ಓದೋದು,
ಎದುರು ನಿಂತು.'

ಹೊಡೆದು ತಿದ್ದಿದೆ. ಮೊತ್ತ ಬದಲಾಯಿತು.
ಅವರು ಚೀಲದಿಂದ ಪೆನ್ನು ತೆಗೆದವರೇ,
ಅಭ್ಯಾಸ ನೋಡಿ,
ಹೊಸ ಮೊತ್ತದ ಪಕ್ಕ ಕೆಂಪು ಶಾಯಿಯಲ್ಲಿ
ಒಂದು ರೈಟು ಹಾಕಿಬಿಟ್ಟರು.
ಹಾಕಿದ ಮೇಲೆ ನಾಲಿಗೆ ಕಚ್ಚಿಕೊಂಡರು.
'ಅಯ್ಯೋ, ಸರ್ಕಾರದ ಕಾಗದ.'

ಮೂರು ನಲವತ್ತರ ಬಸ್ಸಿಗೆ ಓಡಿದರು.
ಟಿಕೇಟಿನ ದುಡ್ಡು ಎಲ್ಲಿಂದ, ನಾನು ಕೇಳಲಿಲ್ಲ.
ಕೇಳಬಹುದಿತ್ತು.

ಸೋಮವಾರ ಪಟ್ಟಿ ಒಳಗೆ ಹೋಯಿತು.
ಸಾಹೇಬರು ಕನ್ನಡಕ ಏರಿಸಿದರು:
'ಏನ್ರೀ ಇದು ಕೆಂಪು ಗುರುತು, ಯಾರದ್ದು?'
'ಪರಿಶೀಲಿಸಿದವರದ್ದು ಸಾರ್.'
ಅವರು ಸಹಿ ಹಾಕಿದರು.
ಕೊಟ್ರೇಶಿ ಮೇಷ್ಟ್ರಿಗೆ ಬರುವ ವಾರ ಜಮಾ.

ಅತಿಥಿಗಳ ಹಾಜರಿ ಹಾಳೆಗಳು
ನನ್ನ ಕೆಳಗಿನ ಡ್ರಾಯರಿನಲ್ಲಿವೆ.
ಎರಡು ಸಲ ತೆಗೆದು ನೋಡಿದೆ,
ಒಂದೂ ತಪ್ಪಿಲ್ಲ.