ಸಾಲಿನಲ್ಲಿ ಹಿಂದಿದ್ದವನು

ರಾತ್ರಿ ಎರಡೂಕಾಲಿಗೆ ಟುಕ್‌ಟುಕ್‌ನಲ್ಲಿ ಬಂದ ಮುದುಕ,
ಕಫ್ರ್ ಎಲ್-ಶೇಖ್ ಪಟ್ಟಣದಾಚೆಯ ಭತ್ತದ ಹಳ್ಳಿಯವನು.
ಹರ್ನಿಯಾದೊಳಗೆ ಸಿಕ್ಕ ಕರುಳು ಕಪ್ಪಗಾಗುತ್ತಿತ್ತು.
ತಡಮಾಡುವಂತಿಲ್ಲ, ಬೇಗ ರಕ್ತ ತೆಗಿ, ಎಂದರು ಡಾಕ್ಟರ್ ಶೌಕಿ.

ಹೆಸರು? ಬಸ್ಯೂನಿ.
ವಯಸ್ಸು? ನೈಲ್ ಇನ್ನೂ ಉಕ್ಕಿ ಹರಿಯುತ್ತಿದ್ದಾಗ ಹುಟ್ಟಿದವನು,
ನೀನೇ ಲೆಕ್ಕ ಹಾಕಿಕೋ.
ಕಾಮಾಲೆ ಆಗಿತ್ತೇ? ಇಲ್ಲ.
ರಕ್ತ ಹಾಕಿಸಿಕೊಂಡದ್ದು? ಇಲ್ಲ.
ಸೂಜಿ?
ಅಷ್ಟು ನೋವಿನಲ್ಲೂ ನಕ್ಕ, ಬೊಚ್ಚುಬಾಯಿ.

“ಸೂಜಿಯೇ? ಮಗಳೇ, ನಾವು ಕಾಲುವೆಯ ಮಕ್ಕಳು.
ಬಸವನಹುಳು ಕೊಟ್ಟ ರೋಗ, ಉಚ್ಚೆಯಲ್ಲಿ ರಕ್ತ,
ಊರಿನ ಹುಡುಗರಿಗೆಲ್ಲ ಇತ್ತು, ನಾಚಿಕೆಯೇನಿಲ್ಲ.
ವಾರಕ್ಕೊಮ್ಮೆ ಸರ್ಕಾರದ ಕಾಂಪೌಂಡರ್ ಬಂದು
ಶಾಲೆಯ ಗೋಡೆಗುಂಟ ನಿಲ್ಲಿಸುತ್ತಿದ್ದ.
ಗಾಜಿನ ಸಿರಿಂಜು, ಸ್ಟೌವಿನ ಮೇಲೊಂದು ಪಾತ್ರೆ.
ನೀರು ಕುದಿಯುವ ತನಕ ಕಾಯಲು ಯಾರಿಗಿತ್ತು ಪುರುಸೊತ್ತು?
ನನ್ನ ಮುಂದೆ ದರ್ಜಿಯ ಮಗ ಮಹ್ರೂಸ್, ಆಮೇಲೆ ನಾನು,
ನನ್ನ ಹಿಂದೆ ದೋಣಿಯವನ ಮಗ ಲುತ್ಫಿ,
ನನ್ನ ಅಂಗಿ ಹಿಡಿದು ಅಳುತ್ತಿದ್ದ, ಪಾಪ.”

ತೋಳಿನ ಪಟ್ಟಿಯನ್ನು ಬಿಚ್ಚಿ ಮತ್ತೊಮ್ಮೆ ಬಿಗಿದೆ.
ಸರಿಯಾಗಿಯೇ ಇತ್ತು ಅದು.

ಲ್ಯಾಬಿನಲ್ಲಿ ಒಂದು ಹನಿ ಅವನದು, ಎರಡು ಹನಿ ಸೀಸೆಯದು.
ಬಿಳಿ ಕಾಗದದ ಮೇಲೆ ಗುಲಾಬಿ ನೆರೆ ಏರತೊಡಗಿತು.
ಹದಿನೈದು ನಿಮಿಷ ಅನ್ನುತ್ತದೆ ಪೆಟ್ಟಿಗೆಯ ಮೇಲಿನ ಬರಹ,
ಕರುಳಿಗೆ ಓದಲು ಬರುವುದಿಲ್ಲ.
ಫೋನಿನಲ್ಲಿ ಥಿಯೇಟರ್ ನರ್ಸ್ ರತೀಬಾ:
“ಏನಾಯ್ತೇ? ಇದ್ದರೆ ಎರಡು ಗ್ಲೌಸು,
ಇಲ್ಲದಿದ್ದರೆ ಒಂದೇ ಸಾಕಂತೆ ಇವರಿಗೆ.”
ಆಮೇಲೆ, ಬಾಯಿ ಅತ್ತ ತಿರುಗಿಸಿ, ನನಗೂ ಕೇಳುವಂತೆ:
“ಹೊಟ್ಟೆಯ ಮೇಲೆ ಹಣೆಬರಹ ಬರೆದಿರೋದಿಲ್ಲ ಡಾಕ್ಟರೇ,
ನಿಮ್ಮನ್ನು ಚುಚ್ಚೋದು ಗೊತ್ತಿಲ್ಲದವನ ರಕ್ತವೇ.
ಎಲ್ಲರಿಗೂ ಎರಡು ಹಾಕಿ.”
ಇಪ್ಪತ್ತೆಂಟು ವರ್ಷ, ಮೂರು ಸಲ ಸೂಜಿ ಹೊಕ್ಕ ಬೆರಳು ಅವಳದು.
ಅತ್ತ ಸ್ವಲ್ಪ ಹೊತ್ತು ಮಾತಿಲ್ಲ,
ಆಮೇಲೆ ರಬ್ಬರು ಚಟ್ಟನೆ ಮಣಿಕಟ್ಟಿಗೆ ಬಡಿದ ಸದ್ದು, ಮತ್ತೆ ಚಟ್ಟನೆ.

ಮೊದಲ ಗೆರೆ ಬಂತು. ಅದು ಬರಲೇಬೇಕು.
ಎರಡನೆಯದು ಬಂದದ್ದು
ಹಳೆಯ ಜುಬ್ಬಾದ ಅಂಚಿನಿಂದ ಎದ್ದ ನೂಲಿನಂತೆ.
ದೀಪದ ಹತ್ತಿರ ಹಿಡಿದೆ, ದೂರ ಹಿಡಿದೆ.
ಹೆಪಟೈಟಿಸ್ ಸಿ. ಅರವತ್ತು ವರ್ಷದ ಬಾಡಿಗೆದಾರ,
ಒಂದು ದಿನವೂ ಬಾಗಿಲು ಬಡಿಯದವನು.
ಕೆಂಪು ಶಾಯಿಯಲ್ಲಿ ಬರೆಯುವುದು ಇಲ್ಲಿ ರೂಢಿ.
ನೀಲಿಯಲ್ಲಿ ಬರೆದೆ.
ಇನ್ನೊಂದು ಸೀಸೆ ತಾಂತಾ ಊರಿಗೆ ಹೋಗಬೇಕು, ಖಚಿತವಾಗಲು.
ಖಚಿತವಾದರೂ ಈಗ ಮಾತ್ರೆಯಿದೆ, ಮೂರು ತಿಂಗಳು ನುಂಗಿದರಾಯಿತು,
ಇದೆಯೆಂದು ಗೊತ್ತಿದ್ದರೆ.

ಈ ತಿಂಗಳ ಪುಟದಲ್ಲಿ ಅವನು ಏಳನೆಯವನು.
ತೊಡೆ ಮುರಿದ ಬೀನ್ಸ್ ಮಾರುವವಳು,
ಅಪೆಂಡಿಕ್ಸ್ ಒಡೆದ ಮದುಮಗ, ಕೈಯ ಗೋರಂಟಿ ಇನ್ನೂ ಆರಿರಲಿಲ್ಲ,
ಜಗಳ ಬಿಡಿಸಲು ಹೋಗಿ ಚೂರಿ ತಿಂದವನು.
ಲಿವರ್ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಐದಕ್ಕೆ ರತೀಬಾ ಹೇಳಿ ಕಳಿಸಿದಳು:
ಒಂದು ಗೇಣು ಕರುಳು ಹೋಯಿತು, ಮುದುಕ ಉಳಿದ.
ನಾನು ಒಂದು ಕಿಟ್ಟನ್ನು, ಒಂದು ಬೆರಳುಸೂಜಿಯನ್ನು
ಊಟದ ಡಬ್ಬಿಗೆ ಹಾಕಿಕೊಂಡೆ. ಕಳ್ಳತನವೇ, ಹೌದು.

ಮನೆಯಲ್ಲಿ ಅಪ್ಪ ನೆನೆಸಿದ ಕಾಳಿನ ಸಿಪ್ಪೆ ಸುಲಿಯುತ್ತ ಕೂತಿದ್ದ,
ಈಚೆಗೆ ಅದಕ್ಕೂ ದಣಿಯುತ್ತಾನೆ.
ಅಪ್ಪ, ಬೆರಳು ಕೊಡು.
ಎಪ್ಪತ್ತರ ಹತ್ತಿರದ ಗಂಡಸು, ಸೂಜಿ ಕಂಡದ್ದೇ
ಕಣ್ಣು ಬಿಗಿದು ನನ್ನ ತೋಳು ಹಿಡಿದುಕೊಂಡ.
ಸಾಲಿನಲ್ಲಿ ನಿನ್ನ ಮುಂದೆ ಯಾರಿದ್ದರಪ್ಪ?
ಯಾವ ಸಾಲು, ಎನ್ನಲಿಲ್ಲ ಅವನು.
“ಬಸ್ಯೂನಿ,” ಎಂದ.
“ಒಂದು ದಿನವೂ ಅಳಲಿಲ್ಲ ಆ ಹುಡುಗ.”