ಶಾಖ, ಶಾಕ

ತೀನ್ ಕಂದೀಲಿನ ಹಿಂದಿನ ಗಲ್ಲಿಯಲ್ಲಿ ನನ್ನ ಡಿಟಿಪಿ ಅಂಗಡಿ.
ಲಗ್ನಪತ್ರಿಕೆ, ಬಾಡಿಗೆ ಕರಾರು, ಶಿವಗಣಾರಾಧನೆ ಕಾರ್ಡು,
ಒಮ್ಮೊಮ್ಮೆ ದೇಶ.

ಚಳಿಗಾಲದಲ್ಲಿ ಕಚೇರಿಯಿಂದ ಬಂತು ಇಂಧನ ನೀತಿಯ ಕರಡು,
ಕನ್ನಡಕ್ಕಿಳಿಸಿದ ಎಪ್ಪತ್ತು ಪುಟ.
ಹದಿನಾಲ್ಕನೇ ಕಲಮು ಕಡ್ಡಿ ಮುರಿದ ಹಾಗಿತ್ತು:
ಹಾರುಬೂದಿ ಮುಚ್ಚಿದ ಲಾರಿಯಲ್ಲೇ ಸಾಗಿಸತಕ್ಕದ್ದು.
ಹೊಗೆಯಿಂದ ಗಂಧಕ ತೆಗೆಯತಕ್ಕದ್ದು.
ಎರಡು ವರ್ಷದೊಳಗೆ.

ಯುಗಾದಿ ಆದಮೇಲೆ ಉದ್ಯಮಿಗಳ ಸಂಘದ ಅಮರಖೇಡ ಬಂದರು.
ಸಲಹೆ ಕಳಿಸಲು ಎರಡೇ ದಿನ, ಅರ್ಜೆಂಟು.
ಪಕ್ಕಕ್ಕೆ ಸ್ಟೂಲು ಎಳೆದು ಕೂತರು. ಒಳ್ಳೆ ಮನುಷ್ಯ,
ಚಹಾ ಹೇಳಿದರು, ಮಿರ್ಚಿ ತರಿಸಿದರು.
‘ತಕ್ಕದ್ದು ಅನ್ನೋದು ಭಾಳ ಒರಟಾತು.
ಬಹುದು ಅಂತ ಹೊಡೀರಿ.
ಮುಂದ ಹಾಕ್ರಿ, ಸಾಧ್ಯವಾದ ಮಟ್ಟಿಗೆ, ಹಂತ ಹಂತವಾಗಿ.’
ಹೊಡೆದೆ.
ಬೆರಳಿಗೆ ಮಿರ್ಚಿ ಎಣ್ಣೆ, ಕರೆಂಟು ಹೋಗಿ ಬಂದು,
ಶಾಖೋತ್ಪನ್ನ ಅನ್ನುವಲ್ಲಿ ಶಾಕೋತ್ಪನ್ನ ಅಂತ ಬಿತ್ತು.
ನಮ್ಮ ಕಡೆ ನಾಲಿಗೆಗೆ ಮಹಾಪ್ರಾಣ ಮೊದಲೇ ಕಮ್ಮಿ.
ಯಾರೂ ನೋಡಲಿಲ್ಲ.

ದೀಪಾವಳಿ ಮುಂದೆ ಜವಾನ ತಂದಿಟ್ಟ ಅಂತಿಮ ಪ್ರತಿ,
ಇನ್ನೂರು ಕಾಪಿ ಜೆರಾಕ್ಸು, ಸಂಜೆಯೊಳಗೆ.
ಕಣ್ಣು ತಾನೇ ಹೋಯಿತು ಹದಿನಾಲ್ಕಕ್ಕೆ:
ಶಾಕೋತ್ಪನ್ನ ಸ್ಥಾವರಗಳು ಸಾಧ್ಯವಾದ ಮಟ್ಟಿಗೆ,
ಹಂತ ಹಂತವಾಗಿ, ಮುಚ್ಚಬಹುದು, ತೆಗೆಯಬಹುದು.
ದೆಹಲಿ, ಮೂರು ಸಮಿತಿ, ತಜ್ಞರು,
ಎಷ್ಟೋ ರುಜು ದಾಟಿ
ನನ್ನ ತಪ್ಪು ಕೂದಲೂ ಕೊಂಕದೆ ಬಂದು ಕೂತಿತ್ತು,
ಮಾವನ ಮನೆಯಲ್ಲಿ ಅಳಿಯ ಕೂತ ಹಾಗೆ.

ಅಂಗಡಿ ಕಟ್ಟೆ ಮೇಲೆ ದೇವಸೂಗೂರಿನ ಹುಸೇನಮ್ಮ
ಬದನೆಕಾಯಿ ಒಂದೊಂದೇ ಸೆರಗಿನಲ್ಲಿ ಒರೆಸಿ ಗುಡ್ಡೆ ಹಾಕುತ್ತಿದ್ದಳು.
ಒರೆಸಿದ ಮೇಲೆ ಕಾಯಿ ನೇರಳೆ,
ಸೆರಗಿನ ಬಣ್ಣ ಯಾವುದಿತ್ತೋ.
ಅವಳಿಗೆ ಓದಿ ಹೇಳಿದೆ:
ಕಾಯಿಪಲ್ಯೆಯಿಂದ ಕರೆಂಟು ಮಾಡ್ತಾರಂತ ಬೇ, ಸರಕಾರದ ಕಾಗದ.
ಅವಳು ನಗಲಿಲ್ಲ.
‘ಕಿಲೋಕ್ಕ ಏನು ಕೊಡ್ತಾರ, ಕೇಳು.’

ಅಮರಖೇಡರಿಗೆ ಫೋನು ಹಚ್ಚಿದೆ,
ಒಂದಕ್ಷರ ತಪ್ಪಿದೆ, ನನ್ನದೇ, ತಿದ್ದಬೇಕಲ್ಲ ಅಂದೆ.
ಆ ಕಡೆ ಯಾರದೋ ನಗು, ತಟ್ಟೆ ಚಮಚದ ಸದ್ದು.
‘ತಿದ್ದಬಹುದು,’ ಅಂದರು.

ಇನ್ನೂರು ಕಾಪಿ ತೆಗೆದೆ.
ಟೋನರು ಮುಗಿಯುತ್ತ ಬಂದಿತ್ತು, ಡಬ್ಬಿ ಅಲ್ಲಾಡಿಸಿ ಹಾಕಿದೆ.
ಕೊನೆಯ ಐವತ್ತರಲ್ಲಿ
ಅಕ್ಷರ ಯಾವುದು, ಬೂದಿ ಯಾವುದು,
ಬೆರಳಿನಿಂದ ಒರೆಸಿ ನೋಡಬೇಕಾಯಿತು.