ಟಕ್

ನಿನ್ನೆ ರಾತ್ರಿ ಎಲ್ಲೋ ಸಮುದ್ರದಾಚೆ
ಒಂದು ಕ್ಯಾಮೆರಾ ಹುಟ್ಟಿತಂತೆ.
ಬೈತಖೋಲ ಬಂದರಿನ ಗೂಡಂಗಡಿಯಲ್ಲಿ
ಬೆಳಿಗ್ಗೆ ಆರೂವರೆಗೇ ಅದರ ಜಾತಕ ಬಿಚ್ಚಿಯಾಗಿತ್ತು.

ಸೆಕೆಂಡಿಗೆ ನಲವತ್ತು ಚಿತ್ರ, ಮಾರಾಯ!
ಮದುವೆ ಫೋಟೋದ ಉಲ್ಲಾಸ ನಿದ್ದೆಗೆಟ್ಟ ಕಣ್ಣುಜ್ಜಿಕೊಂಡ.
ಅಕ್ಷತೆಯ ಕಾಳು ಕಾಳೂ ಗಾಳಿಯಲ್ಲಿ ನಿಲ್ಲುತ್ತೆ,
ಬೇಕಾದರೆ ಎಣಿಸಿಕೊಳ್ಳಬಹುದು.
ಎಣಿಸುವವರು ಯಾರು ಎಂದು ನಾನು ಕೇಳಲಿಲ್ಲ.
ಅವನ ಹಳೆಯ ಮದುವೆಗಳೇ
ಮೂರು ಹಾರ್ಡ್ ಡಿಸ್ಕಿನೊಳಗೆ ಆಲ್ಬಮ್ಮಿಗೆ ಕಾದಿವೆ,
ಒಬ್ಬ ಮದುಮಗಳಿಗೆ ಆಗಲೇ ಎರಡನೆಯ ಮಗು.

ಹಕ್ಕಿಯ ಬೆನ್ನಿಗೆ ಕದ್ರಾ ಕಾಡು ಸುತ್ತುವ ಇಮ್ತಿಯಾಜ್
ಕೈಯಲ್ಲಿದ್ದ ಚಹಾ ಮರೆತಿದ್ದ:
ಮಂಗಟ್ಟೆಯ ಕಣ್ಣು ಅದಕ್ಕೆ ತಾನಾಗಿಯೇ ಸಿಗುತ್ತಂತೆ,
ಎಲೆಯ ಸಂದಿಯಲ್ಲಿದ್ದರೂ.
ಹಾಗಾದರೆ ನೀನು ಯಾಕೆ? ಅಂದಳು
ಪೇಪರಿಗೆ ಫೋಟೋ ಕಳಿಸುವ ಲವೀನಾ.
ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ.
ಒಂದು ಪೊಟರೆಯ ಎದುರು
ಉಣುಗಿಗೆ ರಕ್ತ ಕೊಡುತ್ತ ಕೂತ ಹನ್ನೊಂದು ದಿನ
ಅವನ ಮುಖದ ಮೇಲೆ ಹಾದು ಹೋಯಿತು.

ಬೆಲೆ ಬಂದಾಗ ಮಾತು ನಿಂತಿತು.
ಆರು ಲಕ್ಷದ ಮೇಲೆ ಎಷ್ಟೋ.
ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಖಾರ್ವಿ ತಲೆಯೆತ್ತಿ
ಅಷ್ಟಕ್ಕೆ ದೋಣಿಗೆ ಎರಡು ಇಂಜಿನ್ ಬರ್ತದೆ, ಅಂದ,
ಇದು ಮೀನು ಹಿಡೀತದೇನು?

ಮೀನು ಹಿಡಿಯುವುದಿಲ್ಲ. ಉಪ್ಪು ಹಿಡಿಯುತ್ತದೆ.
ಈ ಊರಲ್ಲಿ ಎಲ್ಲಕ್ಕೂ ಹಿಡಿಯುತ್ತದೆ.
ಮಳೆಗಾಲವಿಡೀ ನನ್ನ ಲೆನ್ಸುಗಳು
ಅಕ್ಕಿ ಡಬ್ಬಿಯಲ್ಲಿ ಮಲಗುತ್ತವೆ,
ಗಂಜಿಗೆ ತೋಡುವಾಗ ಕೈಗೆ ಗಾಜು ಸಿಕ್ಕಿ
ಹೆಂಡತಿ ಬೈಯುತ್ತಾಳೆ.
ಆದರೂ ಒಂದರೊಳಗೆ ಬೂಷ್ಟು
ಜೇಡದ ಹಾಗೆ ಕಾಲು ಚಾಚಿದೆ.
ಅಂಕೋಲೆಯ ಒಂದಿಡೀ ಸೀಮಂತದಲ್ಲಿ
ಬಸುರಿಯ ಕೆನ್ನೆಯ ಮೇಲೆ ಅದೇ ಮಂಜು.
ಸಿನಿಮಾದ ಹಾಗೆ ಬಂದಿದೆ, ಅಂದರು ಅವರು.
ದುಡ್ಡು ಇಸಕೊಂಡು ಬಂದೆ.

ಹಾಗಂತ ನಾನೇನೂ ಸಾಚಾ ಅಲ್ಲ.
ರಾತ್ರಿ ಎರಡರವರೆಗೆ ನೋಡಿದೆ ನಾನೂ,
ಆ ಕಪ್ಪು ಮೈ, ನನ್ನ ಬೆರಳಿಗೆಂದೇ ಬಗ್ಗಿದಂಥ ಹಿಡಿ.
ತಿಂಗಳ ಕಂತನ್ನು ಅಂಗೈಯಲ್ಲಿ ಬರೆದು
ಮಲಗುವ ಮೊದಲು ಸೋಪು ಹಾಕಿ ತೊಳೆದೆ.

ಪೆಡ್ನೇಕರ್ ಮಾಮ ಮಾತ್ರ
ಬಿಸ್ಕೀಟು ಅದ್ದುತ್ತ ಕೂತಿದ್ದರು.
ಕಾಜುಬಾಗದಲ್ಲಿ ನಲವತ್ತು ವರ್ಷದ ಸ್ಟುಡಿಯೊ,
ಹಿಂದಿನ ಪರದೆಯಲ್ಲಿ ಎಲ್ಲಿಯದೋ ಹಿಮದ ಬೆಟ್ಟ.
ಅದರ ಶಬ್ದ ಹೇಗಿದೆ? ಕೇಳಿದರು.
ಶಬ್ದವೇ ಇಲ್ಲ ಮಾಮ, ಅದೇ ವಿಶೇಷ,
ಒಳಗೆ ಏನೂ ಅಲುಗುವುದೇ ಇಲ್ಲ.
ಬಿಸ್ಕೀಟು ಮುರಿದು ಗ್ಲಾಸಿನ ತಳಕ್ಕಿಳಿಯಿತು.
ಶಬ್ದ ಇಲ್ಲದಿದ್ದರೆ
ಜನ ಉಸಿರು ಬಿಡೋದು ಯಾವಾಗ?

ಹೊಟ್ಟೆ ಹಿಡಿದು ನಕ್ಕೆವು.

ಹನ್ನೊಂದಕ್ಕೆ ಅವರ ಸ್ಟುಡಿಯೊಕ್ಕೆ ಹೋದೆ,
ಅವರದು ರಿಪೇರಿಗೆ ಹೋಗಿತ್ತು, ನನ್ನದನ್ನು ಕೊಟ್ಟೆ,
ಬೇಕೆಂದೇ ಅದರ ಬಾಯಿ ಕಟ್ಟಿ.
ಮೀನು ಮಾರುವ ರುಕ್ಮಾ ತಾಂಡೇಲ, ಪಿಂಚಣಿಯ ಅರ್ಜಿಗೆ.
ಬುಟ್ಟಿಯನ್ನು ಹಿಮದ ಬೆಟ್ಟದ ಬುಡದಲ್ಲಿಟ್ಟು
ಸ್ಟೂಲಿನ ಮೇಲೆ ಕೂತಳು.
ಮಾಮ ಒತ್ತಿದರು.
ಫ್ಯಾನಿನ ಸದ್ದು, ಅಷ್ಟೇ.
ಅವಳು ಹಾಗೇ ಇದ್ದಳು, ಗಲ್ಲ ಎತ್ತಿ,
ಕತ್ತಿನ ನರ ಬಿಗಿದು,
ತಕ್ಕಡಿಯ ಮುಳ್ಳು ನಿಲ್ಲಲಿ ಎಂದು ಕಾಯುವವಳು.
ಫೋಟೋ ಪರದೆಗೆ ಬಂದು ಕೂತಿತ್ತು,
ಅವಳಿನ್ನೂ ಅದರಿಂದ ಹೊರಗೆ ಬಂದಿರಲಿಲ್ಲ.
ನಾನು ಎಣಿಸಿದೆ. ಆರು, ಏಳು, ಎಂಟು

ಆಗ ಮಾಮ ನಾಲಿಗೆಯನ್ನು ಅಂಗುಳಿಗೆ ಹಚ್ಚಿ

ಟಕ್

ಎಂದರು.

ಭುಜ ಇಳಿಯಿತು. ಜಾಲೆ? ಅಂದಳು.
ಜಾಲೆ, ಅಂದರು.
ಎಷ್ಟು? ಅರವತ್ತು.
ನಲವತ್ತು ಇಟ್ಕೋ, ಮೇಲೆ ಎರಡು ಬಂಗಡೆ.

ಅವಳು ಹೋದ ಮೇಲೂ ಹಿಮದ ಬೆಟ್ಟದ ಕೆಳಗೆ
ಕಾಗದದ ಮೇಲೆ ಮಲಗಿದ್ದವು ಎರಡೂ,
ರೆಪ್ಪೆ ಇಲ್ಲದ ಕಣ್ಣು ತೆರೆದು,
ಮಾಮನ ಕಡೆಗೇ ನೋಡುತ್ತ.